ಗಾಣದ ಕಲ್ಲಿನವಳು

ನೂರೈವತ್ತು ವರ್ಷದ ಹಿಂದೆ ಬದುಕಿದ್ದ ಹೆಂಗಸಿನ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಬರುತ್ತದಾ? ನನಗೆ ಬಂತು.

ಸೀತಾಂಗೋಳಿಯಲ್ಲಿ ನಮ್ಮ ಕಂಪೆನಿ ಗೋಡೌನ್ ಕಟ್ಟಲಿತ್ತು. ಅದು ಹಳೇ ಎಣ್ಣೆಗಾಣದ ಜಾಗ. ಪಾಯ ತೆಗೆಯುವ ಮೊದಲು ಅಗೆದು ನೋಡಲು ಪುರಾತತ್ವದವನಾದ ಗೌರೀಶಂಕರ ಬಂದ. ನಾನು ಸೈಟ್ ಎಂಜಿನಿಯರ್, ಯಶ್ಮಿತಾ. ಮೂರು ವಾರ ಒಂದೇ ಟಾರ್ಪಾಲಿನ ನೆರಳು, ಒಂದೇ ಫ್ಲಾಸ್ಕಿನ ಚಹಾ. ಲೋಟ ತೆಗೆದುಕೊಳ್ಳುವಾಗ ಅವನ ಕಣ್ಣು ನನ್ನ ಮುಖದ ಮೇಲೆ ಒಂದು ಗಳಿಗೆ ಜಾಸ್ತಿಯೇ ನಿಲ್ಲುತ್ತಿತ್ತು. ನನಗೂ ಬೇಕಿದ್ದದ್ದು ಅದೇ.

ಆಮೇಲೆ ಅವಳು ಬಂದಳು.

ಗಾಣದ ಪಕ್ಕ, ಕೊಬ್ಬರಿ ಹೆಚ್ಚಲು ಕೂರುವ ಕೆಂಪು ಮುರಕಲ್ಲೊಂದು ಸಿಕ್ಕಿತು. ಕೂತು ಕೂತು ನಡುವೆ ಸವೆದಿತ್ತು. ಮುಂದೆ ಹಿಮ್ಮಡಿ ಊರಿದ ಎರಡು ಗುಳಿ, ಸುತ್ತ ಹಸಿರು ಬಳೆಚೂರು. ಆ ದಿನದಿಂದ ಗೌರೀಶಂಕರನ ಬಾಯಲ್ಲಿ, ಆ ಕಾಲದಲ್ಲಿ ಅದರ ಮೇಲೆ ಕೂರುತ್ತಿದ್ದವಳದ್ದೇ ಮಾತು. ಅವಳು ಗಿಡ್ಡಗಿದ್ದಳಂತೆ, ಎಡಗಾಲಿಗೇ ಭಾರ ಕೊಟ್ಟು ಕೂರುತ್ತಿದ್ದಳಂತೆ. ಅಳತೆ ನೋಡಲು ಮಣ್ಣು ಹೊರುವ ಅಮ್ಮಕ್ಕನನ್ನು ಕೂರಿಸಿದ. ಅವನ ಹತ್ತಿರ ಕಲಿಯಲು ಬಂದಿದ್ದ ಹುಡುಗಿಯನ್ನೂ ಕೂರಿಸಿ, ಅವಳ ಕಾಲಿಗೆ ಟೇಪ್ ಹಿಡಿದ. ನನ್ನನ್ನು ಮಾತ್ರ ಕರೆಯಲಿಲ್ಲ. ನನ್ನ ಹೊಟ್ಟೆ ಉರಿದುಹೋಯಿತು.

ಶುಕ್ರವಾರ ಅವನು ಇನ್ನೆರಡು ದಿನ ಕೇಳಿದ. ಅವಳ ಕೆಲಸ ಸ್ವಲ್ಪ ಬಾಕಿ ಉಂಟು ಅಂದ. ಕೊಡುವುದು ನನ್ನ ಕೈಯಲ್ಲೇ ಇತ್ತು, ಕೊಡಲಿಲ್ಲ. ನಾಳೆ ಕಲ್ಲು ಮ್ಯೂಸಿಯಮ್ಮಿಗೆ, ಸೋಮವಾರ ಜೆಸಿಬಿ ಅಂದುಬಿಟ್ಟೆ. ಕಲ್ಲಿನ ಜೊತೆ ಅವನೂ ಹೋಗುತ್ತಾನೆಂದು ಹೊಳೆದದ್ದು ಆಮೇಲೆ.

ಶನಿವಾರ ಕಲ್ಲು ಲಾರಿ ಹತ್ತಿತು. ಅವನು ಮುಖ ಸಣ್ಣ ಮಾಡಿಕೊಂಡು ಟೇಪ್ ಸುತ್ತುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ಎಲ್ಲರನ್ನೂ ಕೂರಿಸಿದಿರಿ. ನಾನು ಎಂತ ಪಾಪ ಮಾಡಿದ್ದೆ?”

“ನೀವು ಅದರಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ಬರ್ತದೆ ಮಾರಾಯ್ರೆ. ನೀವು ಐದಡಿ ನಾಲ್ಕೂವರೆ ಇಂಚು.”

ನನ್ನ ಎತ್ತರ ನಾನು ಯಾರಿಗೂ ಹೇಳಿರಲಿಲ್ಲ. ಅರ್ಧ ಇಂಚೂ ತಪ್ಪಿರಲಿಲ್ಲ.

“ಟೇಪ್ ಹಿಡಿಯದೆ ಹೇಗೆ ಗೊತ್ತಾಯ್ತು?”

“ಮೂರು ವಾರ ನಾನು ಮತ್ತೆ ಎಂತ ನೋಡ್ತಿದ್ದದ್ದು?” ಅವನ ಕಿವಿ ಕೆಂಪಾಗಿತ್ತು. “ಆ ಎರಡು ದಿನ ಕೇಳಿದ್ದು ಸಹ ಅವಳಿಗಲ್ಲ. ಅವಳ ಡ್ರಾಯಿಂಗ್ ಮೊನ್ನೆಯೇ ಮುಗಿದಿದೆ.”

ನಾನು ಅಲ್ಲೇ ನಿಂತು ಜೆಸಿಬಿ ಓಡಿಸುವ ಕುಶಲನಿಗೆ ಫೋನ್ ಮಾಡಿದೆ. ಬುಧವಾರ ಬಂದರೆ ಸಾಕು ಅಂದೆ. ಗೌರೀಶಂಕರ ಟೇಪನ್ನು ಕೆಳಗಿಟ್ಟು, ನಗು ಅಡಗಿಸಲು ಹೋಗಿ ಸೋತ.

“ಎರಡು ದಿನ ಕೊಟ್ಟಿದ್ದೇನೆ,” ಅಂದೆ. “ಅವಳ ಸುದ್ದಿ ಎತ್ತಿದರೆ ವಾಪಸ್ ತಗೊಳ್ತೇನೆ.”