ಚಾರ್ಟಿನಲ್ಲಿದ್ದ ನೂರಾ ಎಂಟು

ಇಳಕಲ್ಲಿನ ಸೀರೆ ವ್ಯಾಪಾರಿ ಸುನೀಲಕುಮಾರನ ಮುಂಗೈ ಹಿಡಿದು ನಾಗರತ್ನಾ ನಾಡಿ ಎಣಿಸುತ್ತಿದ್ದಳು. ಇನ್ನೂ ಬಿಟ್ಟಿರಲಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಕಟ್ಟಪ್ಪಣೆ ಮಾಡಿದವನು ನಾನೇ. ಅವತ್ತು ಮಾತ್ರ ಅರ್ಧ ನಿಮಿಷವೂ ಹೆಚ್ಚೆನಿಸಿತು.

"ಸಿಸ್ಟರ್, ನಿಮ್ಮ ಕೈ ಎಷ್ಟ ತಂಪ ಅದಾವ್ರಿ," ಎಂದ ಅವನು.

ಅವಳು ನಕ್ಕಳು. ನಗುತ್ತಲೇ ಕಣ್ಣಂಚಿನಿಂದ ನನ್ನತ್ತ ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

೨೦೦೩ನೇ ಇಸವಿ. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ಕಲಿಯುತ್ತಿದ್ದೆ. ಆಪರೇಷನ್‌ಗೆ ಮುನ್ನ ಗಂಟಲಿಗೆ ನಳಿಕೆ ಇಳಿಸುವಾಗ ರೋಗಿಯ ನಾಡಿ, ಬಿಪಿ ಒಮ್ಮೆಲೇ ಏರುತ್ತವೆ. ಏರದಂತೆ ಎರಡು ತಾಸು ಮೊದಲೇ ಮಾತ್ರೆ ಕೊಟ್ಟರೆ ಹೇಗೆ ಎಂಬುದು ನನ್ನ ಥೀಸಿಸ್. ಮಾತ್ರೆ ಕೊಟ್ಟು ನಾಡಿ ಬರೆಯುವುದು ಗುಳೇದಗುಡ್ಡದ ನಾಗರತ್ನಾಳ ಕೆಲಸ. ಅವಳ ಪಕ್ಕ ನಿಲ್ಲುವುದು ನಾನೇ ಹಚ್ಚಿಕೊಂಡ ಕೆಲಸ. ಎಂಟು ತಿಂಗಳಿಂದ ನಿಂತೇ ಇದ್ದೆ, ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಸುನೀಲಕುಮಾರನ ತಾಯಿ ಶಿವಬಸವ್ವ ಬಾಯಿ ಬಿಟ್ಟರು.

"ಮಗಳ, ನೀ ನಮ್ಮ ಮನಸಿಗೆ ಬಂದೀ. ನಿಂಗ ಒಪ್ಪಿಗಿ ಇದ್ರ ನಿಮ್ಮ ಮನಿಗೆ ಬರ್ತೇವಿ."

"ಸಂಜಿಗಿ ಹೇಳ್ತೇನ್ರಿ, ಅವ್ವಾರ."

ಹೇಳ್ತಾಳಂತೆ! ಇಲ್ಲ ಅನ್ನಲು ಸಂಜೆ ಯಾಕೆ ಬೇಕು?

ಚಾರ್ಟು ನೋಡಿದೆ. ನೂರಾ ಎಂಟು. ಮಾತ್ರೆ ನುಂಗಿದ ಮೇಲೂ! ಕಾಲು ತಾಸು ಬಿಟ್ಟು ಮತ್ತೆ ಎಣಿಸಿದಳು. ನೂರಾ ಹತ್ತು. ನಾನೇ ಒಮ್ಮೆ ನೋಡಬೇಕಿತ್ತು. ಅವಳು ಹಿಡಿದ ಆ ಕೈ ಮುಟ್ಟಲು ಮನಸ್ಸಾಗಲಿಲ್ಲ.

ಆಪರೇಷನ್ ಕೋಣೆಯ ಮಾನಿಟರ್ ಎಪ್ಪತ್ನಾಲ್ಕು ತೋರಿಸಿತು. ನಳಿಕೆ ಇಳಿಸಿದಾಗಲೂ ಎಂಬತ್ತೆರಡು ದಾಟಲಿಲ್ಲ. ಥೀಸಿಸ್ ಗೆದ್ದಿತ್ತು, ನಾನು ಕುದಿಯುತ್ತಿದ್ದೆ. ಅವಳು ಮರೆಯಾದ ಕೂಡಲೇ ಇವನ ಎದೆ ತಣ್ಣಗಾಯಿತಲ್ಲ!

ಆಪರೇಷನ್ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ವಾರ್ಡಿಗೆ ಹೋಗಿ ಚಾರ್ಟನ್ನು ಅವಳ ಮೇಜಿನ ಮೇಲೆ ಎಸೆದೆ.

"ನೀವು ಕೈ ಹಿಡಿದ್ರ ನೂರಾ ಎಂಟು, ಬಿಟ್ರ ಎಪ್ಪತ್ನಾಲ್ಕು. ಎಷ್ಟ್ ಪ್ರೀತಿ ನೋಡ್ರಿ ಅವಂಗ! ಸಂಜಿ ಮಟ ಯಾಕ ಕಾಯ್ತೀರಿ, ಈಗ ಹೂಂ ಅಂದುಬಿಡ್ರಿ."

ಅವಳ ಕಣ್ಣು ತುಂಬಿದವು. "ನಾ ಸುಳ್ಳ ಬರದಿಲ್ರಿ, ಶಂಭು ಸರ್. ಎಣಿಸಿದ್ದನ್ನ ಬರದೇನಿ."

"ಹೆಂಗ ಎಣಿಸಿದ್ರಿ? ತೋರಸ್ರಿ." ಕೈ ಚಾಚಿದೆ.

ಅವಳು ನನ್ನ ಮುಂಗೈ ಮೇಲೆ ಹೆಬ್ಬೆರಳಿಟ್ಟಳು. ಉಳಿದ ಬೆರಳುಗಳಿಗೆ ಪಟ್ಟಿ ಸುತ್ತಿತ್ತು. ಹಿಂದಿನ ದಿನ ಇಂಜೆಕ್ಷನ್ನಿನ ಗಾಜು ಮುರಿಯುವಾಗ ಕೊಯ್ದುಕೊಂಡಿದ್ದಳು.

ಹೆಬ್ಬೆರಳು! ಅದರಲ್ಲೇ ಒಂದು ನಾಡಿ ಮಿಡಿಯುತ್ತದೆ. ಅದನ್ನಿಟ್ಟು ಮತ್ತೊಬ್ಬರ ನಾಡಿ ನೋಡಿದರೆ ನಮ್ಮದನ್ನೇ ಎಣಿಸಿಬಿಡುತ್ತೇವೆ. ನರ್ಸಿಂಗ್ ಕಲಿಯುವವರಿಗೆ ಮೊದಲ ವಾರವೇ ಹೇಳುವ ಮಾತು ಅದು.

ಚಾರ್ಟನ್ನು ಮತ್ತೆ ಎತ್ತಿಕೊಂಡೆ. ಏಳೂವರೆಗೆ, ನಾನಿನ್ನೂ ವಾರ್ಡಿಗೆ ಬಂದಿರದಾಗ, ಎಪ್ಪತ್ತಾರು. ಎಂಟಕ್ಕೆ, ನಾನು ಬಂದು ಪಕ್ಕದಲ್ಲಿ ನಿಂತಾಗ, ನೂರಾ ಎಂಟು.

"ಇದು... ನಿಮ್ಮ ನಾಡಿ ಏನ್ರಿ?"

ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಕಿವಿಯವರೆಗೂ ಕೆಂಪಾದಳು.

"ಎಂಟ್ ತಿಂಗಳ ಬಾಜೂಕ ನಿಂತ್ರಿ, ಒಂದ್ ಮಾತ ಆಡಲಿಲ್ಲ. ಸಂಜಿ ಮಟ ಟೈಮ್ ಯಾಕ ಕೇಳಿದ್ನಿ ಅಂತ ಮಾಡೀರಿ?"

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅವಳ ಮುಂಗೈ ಹಿಡಿದು, ಮೂರು ಬೆರಳಿಟ್ಟು, ಗಡಿಯಾರ ನೋಡುತ್ತ ಎಣಿಸಿದೆ.

"ಎಷ್ಟ್ರಿ?"

"ನೂರಾ ಹದಿನಾಲ್ಕು. ಮಾತ್ರಿ ಕೊಡ್ಲೇನು?"

"ಬ್ಯಾಡ್ರಿ, ಏರ್ಲಿ. ಮೊದಲ ಶಿವಬಸವ್ವಾರಿಗೆ ನೀವ ಹೋಗಿ ಹೇಳಿ ಬರ್ರಿ."

"ಹೋಗ್ತೇನಿ," ಎಂದೆ. ನಿಮಿಷ ಯಾವಾಗಲೋ ಮುಗಿದಿತ್ತು. ನಾನಿನ್ನೂ ಕೈ ಬಿಟ್ಟಿರಲಿಲ್ಲ.