ಕಾಡುಮನುಷ್ಯನ ಗಡ್ಡ

ಢಬ್!

ಪಿಕಪ್ ಎರಡನೇ ಸಲ ನನ್ನ ಕಾರಿನ ಹಿಂಬದಿಗೆ ಗುದ್ದಿತು. ಕೊಲ್ಲಿ ದೇಶದ ವಫ್ರಾ ರಸ್ತೆ. ಮಟಮಟ ಮಧ್ಯಾಹ್ನ.

ಪಿಕಪ್ ಓಡಿಸುತ್ತಿದ್ದವನು ಮುನಿಸ್ವಾಮಿ, ನಮ್ಮೂರ ಕಡೆಯ ಕಂಟ್ರಾಕ್ಟರ್ ಕ್ಲೇಟನ್‌ನ ಬಂಟ. ನನ್ನ ಪಕ್ಕದಲ್ಲಿ ಚಂಪಾ, ಕ್ಲೇಟನ್‌ನ ಮನೆಗೆಲಸದವಳು; ಅವನ ಮನೆಯಿಂದ ಓಡಿಬಂದು ನನ್ನ ಕಾರು ಹತ್ತಿದ್ದಳು. ಅವಳ ಮುಷ್ಟಿಯಲ್ಲೊಂದು ಬೆಳ್ಳಿ ನಾಣ್ಯ... ಜರ್ಮನಿಯ ಬ್ರೌನ್‌ಶ್ವೈಗ್ ಸಂಸ್ಥಾನದ್ದು, ನಾನೂರು ವರ್ಷ ಹಳೆಯದು!

ಅಸಲಿ ನಾಣ್ಯ ಕಪ್ಪಗಿತ್ತು, ಇದು ಫಳಫಳ ಹೊಳೆಯುತ್ತಿದೆ. ಚಂಪಾ ಅಸಲಿಯನ್ನು ಮಾರಿ ನಕಲಿ ಇಟ್ಟಿದ್ದಾಳೆ ಎಂಬುದು ಕ್ಲೇಟನ್ ಆರೋಪ. ಅವಳ ಪಾಸ್‌ಪೋರ್ಟ್ ಅವನ ಬ್ಯಾಗಿನಲ್ಲಿ. ಸಂಜೆಯೊಳಗೆ ಅಸಲಿ ಬರದಿದ್ದರೆ ಅವಳಿಗೆ ಜೈಲು.

"ನಿಜ ಹೇಳು. ಏನು ಮಾಡಿದ್ದು?"

"ಹುಳಿ ಹಾಕಿ ತಿಕ್ಕಿದ್ದು ಸುಕೇಶಣ್ಣ! ಊರಲ್ಲಿ ದೀಪ ತಿಕ್ಕುದಲ್ವಾ, ಹಾಗೆ. ಹೊಳೆದ್ರೆ ಅವ್ರಿಗೆ ಖುಷಿಯಾಗ್ತದೆ ಅಂತ..."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು!

ಸ್ಟೀರಿಂಗ್ ತಿರುಗಿಸಿದೆ. ಟೊಮೆಟೊ ಗ್ರೀನ್‌ಹೌಸ್‌ಗಳ ನಡುವಿನ ಮಣ್ಣುದಾರಿ. ಮುನಿಸ್ವಾಮಿಯೂ ತಿರುಗಿಸಿದ... ಮರಳಿನಲ್ಲಿ ಹೂತುಹೋದ.

ಖಲಾಸ್!

ಹವಲ್ಲಿಯ ನನ್ನ ಮೊಬೈಲ್ ಅಂಗಡಿಗೆ ಬಂದರೆ ಕೌಂಟರಿನ ಮುಂದೆ ಕ್ಲೇಟನ್!

"ನಿನ್ನ ಇಕಾಮಾ ಕ್ಯಾನ್ಸಲ್ ಮಾಡಿಸ್ತೇನೆ, ಗೊತ್ತುಂಟಾ?"

ಇಲ್ಲಿ ವಾಸಿಸುವ ಪರವಾನಗಿಯನ್ನೇ ಕಿತ್ತುಕೊಳ್ಳುವ ಬೆದರಿಕೆ! ನನಗೆ ಮೈ ಉರಿಯಿತು.

"ಮಾಡಿಸಿ, ನೋಡುವ! ಮೊದಲು ಇದನ್ನು ನೋಡಿ."

ಫೋನ್ ಬೋರ್ಡ್ ರಿಪೇರಿ ಮಾಡುವ ಮೈಕ್ರೋಸ್ಕೋಪಿನ ಕೆಳಗೆ ನಾಣ್ಯ ಇಟ್ಟೆ. ನಾಣ್ಯದ ಮೇಲೆ ಮರ ಹಿಡಿದು ನಿಂತ ಕಾಡುಮನುಷ್ಯ ಸ್ಕ್ರೀನ್ ತುಂಬ ಬಂದ. ಗಡ್ಡದ ಎಳೆಗಳ ನಡುವೆ, ಹುಳಿ ತಲುಪದ ಕಡೆ, ಹಳೆಯ ಕಪ್ಪು ಹಾಗೇ ಕೂತಿತ್ತು. ಮಂಡಿಯ ಕೆಳಗೆ, ನಾಣ್ಯ ಒತ್ತಿದ ಅಚ್ಚೇ ಬಿರಿದು ಮೂಡಿದ ಬಿರುಕಿನ ಗೆರೆ.

"ಹರಾಜಿನಲ್ಲಿ ತಗೊಂಡಾಗಿನ ಫೋಟೋ ತೆಗೀರಿ."

ತೆಗೆದ. ಅದೇ ಬಿರುಕು! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕ್ಲೇಟನ್ ಸ್ಟೂಲಿನ ಮೇಲೆ ಕುಸಿದ. "ದೇವಾ... ಇದು ನನ್ನದೇ! ಆ ಕಪ್ಪಿಗೇ ಬೆಲೆ ಇದ್ದದ್ದು ಮಾರಾಯ! ಹಾಳು ಮಾಡಿದ್ಳು!"

"ಹಾಳು ಮಾಡಿದ್ದು ಹೌದು. ಕದ್ದದ್ದಲ್ಲ. ಪಾಸ್‌ಪೋರ್ಟ್ ಕೊಡಿ."

"ಕೊಡದಿದ್ರೆ?"

"ಬೇರೆಯವರ ಪಾಸ್‌ಪೋರ್ಟ್ ಇಟ್ಕೊಳ್ಳುದು ಇಲ್ಲಿ ಕಾನೂನಿಗೆ ವಿರುದ್ಧ. ಸ್ಟೇಷನ್ನಿಗೆ ಒಟ್ಟಿಗೇ ಹೋಗುವ. ಯಲ್ಲಾ!"

ಪಾಸ್‌ಪೋರ್ಟನ್ನು ಕೌಂಟರಿನ ಮೇಲೆ ಬಿಸಾಡಿದ. ಚಂಪಾ ಎತ್ತಿಕೊಂಡಳು. ಯಾವಾಗಲೂ ಅವನೆದುರು ತಗ್ಗುತ್ತಿದ್ದ ತಲೆ ಈ ಸಲ ತಗ್ಗಲಿಲ್ಲ.

"ನನ್ನ ನಾಣ್ಯದ ಕಪ್ಪು ಯಾರು ಕೊಡ್ತಾರೆ?" ಕ್ಲೇಟನ್ ಕಿರುಚಿದ.

"ತಾನಾಗೇ ಬರ್ತದೆ ಸಾರ್... ಒಂದು ನಾನೂರು ವರ್ಷ ತಡ್ಕೊಳ್ಳಿ!"