ಕೆಂಪು ಬಂಗಲೆಯಲ್ಲಿ ಹಾಲು ಉಕ್ಕಿದ್ದು

ಬಹಳ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಲ್ಲು ಮೂಡಿರದ ಕಾಲದಲ್ಲಿ, ಮಣಿಹಾರವೆಂಬ ರಾಜ್ಯವಿತ್ತು. ಅಲ್ಲಿ ಮೇಸ್ತ್ರಿ ಹನಮಪ್ಪ ರಾಣಿಯ ಅಪ್ಪಣೆಯಂತೆ ಕೆಂಪು ಇಟ್ಟಿಗೆಯ ಬಂಗಲೆ ಕಟ್ಟಿದ. ಗಡಿಯಾರದ ಗೋಪುರ, ಗಾಜಿನ ಮನೆ, ಸುತ್ತ ಕಣ್ಣು ಹಾಯುವಷ್ಟು ಹುಲ್ಲುಹಾಸು. ಅಂಥದ್ದು ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ, ಈಗಲೂ ಇಲ್ಲ.

ಗೃಹಪ್ರವೇಶಕ್ಕೆ ಮೊದಲೇ ಧೂಮಾಕ್ಷನೆಂಬ ಮಾಂತ್ರಿಕ ಹಾರಿಬಂದು ಒಳಗೆ ಕೂತ. ತಡೆಯಹೋದವರನ್ನೆಲ್ಲ ಕಲ್ಲಾಗಿಸಿ ತೋಟದಲ್ಲಿ ನಿಲ್ಲಿಸಿದ. ಹನಮಪ್ಪನೂ ಕಲ್ಲಾದ. ಆದರೆ ಆ ರಾಜ್ಯದಲ್ಲಿ ಹೊಸ ಒಲೆಯ ಮೇಲೆ ಮೊದಲು ಯಾರ ಹಾಲು ಉಕ್ಕುತ್ತದೋ ಅವರದೇ ಮನೆ; ಅವರ ಮನೆಯವರ ಮೇಲೆ ಯಾವ ಮಾಟವೂ ಅಲ್ಲಿ ನಿಲ್ಲದು. ಜಂಬದ ಕೋಳಿಯಾದ ಮಾಂತ್ರಿಕ ಹಾಲು ಉಕ್ಕಿಸುವುದು ಹೆಂಗಸರ ಕೆಲಸವೆಂದು ಬಿಟ್ಟುಬಿಟ್ಟಿದ್ದ.

ಹನಮಪ್ಪನ ಮಗಳು ದ್ಯಾಮವ್ವ ಅಪ್ಪನನ್ನು ಬಿಡಿಸಲು ಹೊರಟಳು. ತಂಬಿಗೆಯಲ್ಲಿ ತನ್ನ ಆಡಿನ ಹಾಲು, ಕೊಡದಲ್ಲಿ ಊರಿನ ಪ್ರತಿ ಮನೆಯವರೂ ಒಂದೊಂದು ಸೌಟು ಹಾಕಿದ ಹಾಲು.

ಹೆಬ್ಬಾಗಿಲಿನ ಕಲ್ಲುಸಿಂಹ ಗುಡುಗಿತು: "ಯಾರು ನೀನು?"

"ನಿನ್ನ ಮೂಗು ಕೆತ್ತಿದವನ ಮಗಳು. ಸರಿ ಅತ್ಲಾಗ."

ಸಿಂಹ ಮರ್ಯಾದೆಯಿಂದ ಸರಿಯಿತು.

ಗಾಜಿನ ಮನೆಯ ಬಳ್ಳಿ ಕಾಲಿಗೆ ಸುತ್ತಿಕೊಂಡಿತು: "ಯಾರು ನೀನು?"

"ನಿನಗ ಬಿಸಿಲು ಬೀಳ್ಲಿ ಅಂತ ಗಾಜು ಕೂಡಿಸಿದವನ ಮಗಳು. ಬಿಡು ಕಾಲು."

ಬಳ್ಳಿ ನಾಚಿ ಸಡಿಲವಾಯಿತು.

ಅಡುಗೆಮನೆಯಲ್ಲಿ ಧೂಮಾಕ್ಷನೇ ನಿಂತಿದ್ದ. "ಯಾರು ನೀನು?"

"ಈ ಒಲಿ ಹಾಕಿದವನ ಮಗಳು."

ಧೂಮಾಕ್ಷ ಕಲ್ಲಾಗಿಸುವ ಮಂತ್ರ ಹಾಕಿದ, ಆ ಒಲೆಯ ಮುಂದೆ ಅದು ನಾಟಲಿಲ್ಲ. ದನಿ ಬದಲಿಸಿ ಬೆಣ್ಣೆ ಹಚ್ಚಿದ: "ಕೊಡ ಚೆಲ್ಲಿಬಿಡು ಮಗಳೇ. ತಂಬಿಗೆಯ ಹಾಲಷ್ಟೇ ಉಕ್ಕಿಸು. ಬಂಗಲೆ ನಿನ್ನದಾಗುತ್ತದೆ, ನಿನ್ನಪ್ಪ ಏಳುತ್ತಾನೆ. ನನಗೊಂದು ಮೂಲೆ ಕೊಡು, ಸಾಕು. ಉಳಿದವರು ಕಲ್ಲಾಗಿಯೇ ಇರಲಿ."

ಅಪ್ಪನ ನೆನಪಾಗಿ ದ್ಯಾಮವ್ವನ ಕಣ್ಣು ತುಂಬಿತು. ಕೊಡ ಒಂದು ಕ್ಷಣ ವಾಲಿತು ಕೂಡ.

"ಅಪ್ಪ ಎದ್ದ ಮ್ಯಾಲೆ ಯಾರ ಹಾಲು ಚೆಲ್ಲಿದಿ ಅಂತ ಕೇಳ್ತಾನ," ಎಂದಳು. "ಅವಾಗ ಏನು ಹೇಳ್ಲಿ?"

ಎರಡನ್ನೂ ಒಂದೇ ಪಾತ್ರೆಗೆ ಸುರಿದು ಒಲೆ ಹೊತ್ತಿಸಿದಳು. ಧೂಮಾಕ್ಷ ಆರಿಸಲೆಂದು ಸಿಟ್ಟಿನಿಂದ ಉಫ್ ಎಂದು ಊದಿದ. ಹನಮಪ್ಪ ಹಾಕಿದ ಒಲೆ, ಗಾಳಿ ಸಿಕ್ಕರೆ ಇನ್ನೂ ಉರಿಯುವಂಥದು. ಬೆಂಕಿ ಭಗ್ಗೆಂದಿತು, ಹಾಲು ಉಕ್ಕಿ ನಾಲ್ಕೂ ಕಡೆ ಹರಿಯಿತು. ಮಾಂತ್ರಿಕ ಹೊಗೆಯಾಗಿ ಚಿಮಣಿಯಿಂದ ಹೊರಬಿದ್ದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ತೋಟದ ಕಲ್ಲುಗಳೆಲ್ಲ ಮೈ ಕೊಡವಿ ಮನುಷ್ಯರಾದವು. ಹನಮಪ್ಪ ಓಡಿಬಂದು ಮಗಳನ್ನು ಅಪ್ಪಿಕೊಂಡ. ಒಲೆಯ ಕಡೆ ನೋಡಿ ಕೇಳಿದ: "ಯಾರ ಹಾಲವ್ವಾ?"

"ಊರಿಂದಪ್ಪ. ನಮ್ಮದೂ ಅದರಾಗ ಐತಿ."

ಮುದುಕ ಹೆಮ್ಮೆಯಿಂದ ಅತ್ತುಬಿಟ್ಟ. ಆಮೇಲೆ ಹಾರೆ ತಂದು ಹೆಬ್ಬಾಗಿಲಿನ ಕದಗಳನ್ನು ತಾನೇ ಕಿತ್ತಿಟ್ಟ.

ಅಂದಿನಿಂದ ಮಣಿಹಾರದವರೆಲ್ಲ ಸುಖವಾಗಿದ್ದಾರೆ. ಸಂಜೆಯಾದರೆ ಆ ಹುಲ್ಲುಹಾಸಿನ ತುಂಬ ಜನವೋ ಜನ. ತಡವಾಗಿ ಬಂದರೆ ರಾಣಿಯೂ ಜಾಗ ಹುಡುಕಿಕೊಂಡು ಕೂರಬೇಕು.